ಪರಿಪೂರ್ಣ ಪೈಪೋಟಿಯೆಂಬ ಮೊದಲ ಪಾಠ

ವಿಶ್ವವಿದ್ಯಾಲಯಗಳಲ್ಲಿ ಸೂಕ್ಷ್ಮ ಅರ್ಥಶಾಸ್ತ್ರದ ಮೊದಲ ಪತ್ರಿಕೆಯನ್ನು ಬೋಧಿಸುವ ಕ್ರಮದ ಬಗ್ಗೆ ಒಂದು ನಂಬಿಕೆ ಅಧ್ಯಾಪಕ ವರ್ಗದಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಅದು ಚರ್ಚೆಗೆ ಒಳಪಡಬೇಕಾದ ನಿಲುವು ಎಂಬುದೇ ಮರೆತುಹೋಗಿದೆ. ಒಂದು ಕುಟುಂಬ, ಒಂದು ಅಂಗಡಿ, ಒಂದು ಕಾರ್ಖಾನೆ, ಒಂದು ಸರಕಿನ ಮಾರುಕಟ್ಟೆ ಹೀಗೆ ಬಿಡಿ ಘಟಕಗಳ ಆರ್ಥಿಕ ನಿರ್ಧಾರಗಳನ್ನು ಅಭ್ಯಸಿಸುವ ಈ ಶಾಖೆಯಲ್ಲಿ ವಿದ್ಯಾರ್ಥಿಯು ಮೊದಲು ಬೇಡಿಕೆ ಮತ್ತು ಪೂರೈಕೆಯ ರೇಖೆಗಳನ್ನು, ಅನಂತರ ತುಷ್ಟಿಗುಣವನ್ನು, ಅಂದರೆ ಸರಕೊಂದು ಅನುಭೋಗಿಗೆ ಕೊಡುವ ತೃಪ್ತಿಯನ್ನು, ಅನಂತರ ಉತ್ಪಾದನಾ ವೆಚ್ಚದ ರೇಖೆಗಳನ್ನು, ಕೊನೆಗೆ ಇವೆಲ್ಲ ಒಂದೆಡೆ ಕೂಡಿ ಸಮತೋಲನಕ್ಕೆ ಬರುವ ಪರಿಪೂರ್ಣ ಪೈಪೋಟಿಯ ಮಾರುಕಟ್ಟೆಯನ್ನು ಕಲಿಯಬೇಕು. ಏಕಸ್ವಾಮ್ಯ, ಮಾಹಿತಿಯ ಕೊರತೆ, ಚೌಕಾಸಿಯಲ್ಲಿನ ಬಲಾಬಲ, ಪರಿಸರದ ಹಾನಿ ಮುಂತಾದವು ಅಪವಾದಗಳಾದ್ದರಿಂದ ಆಮೇಲೆ ಬರಬೇಕು. ಈ ಅನುಕ್ರಮ ಯಾರ ಪಕ್ಷವನ್ನೂ ವಹಿಸುವುದಿಲ್ಲ, ಇದು ಬೋಧನೆಯ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು ಮಾತ್ರ ಎಂಬುದು ಆ ನಂಬಿಕೆ. ಈ ನಂಬಿಕೆ ತಪ್ಪು. ಯಾವುದನ್ನು ನಿಯಮವೆಂದು ಮೊದಲು ನಿಲ್ಲಿಸಿ ಯಾವುದನ್ನು ಅಪವಾದವೆಂದು ಹಿಂದಕ್ಕೆ ಸರಿಸಲಾಗುತ್ತದೆ ಎಂಬುದೇ ಲೋಕದ ಬಗ್ಗೆ ಒಂದು ವಾದ. ಆ ವಾದವನ್ನು ಹದಿನೆಂಟು ವರ್ಷದ ವಿದ್ಯಾರ್ಥಿಯ ಮುಂದೆ ವಾದವೆಂದು ಹೇಳದೆ ಪೀಠಿಕೆಯೆಂದು ಇಡಲಾಗುತ್ತಿದೆ, ಮತ್ತು ಅರ್ಥಶಾಸ್ತ್ರದ ಸಂಶೋಧನೆ ಸ್ವತಃ ಆ ವಾದವನ್ನು ಬಿಟ್ಟು ಅರ್ಧ ಶತಮಾನವಾಗಿದೆ.

ಪರಿಪೂರ್ಣ ಪೈಪೋಟಿಯೆಂದರೆ ಏನೆಂಬುದನ್ನು ಪಠ್ಯಪುಸ್ತಕಗಳು ಸ್ಪಷ್ಟವಾಗಿಯೇ ಹೇಳುತ್ತವೆ. ಕೊಳ್ಳುವವರೂ ಮಾರುವವರೂ ಅಸಂಖ್ಯರಾಗಿರುತ್ತಾರೆ. ಎಲ್ಲರೂ ಮಾರುವ ಸರಕು ಗುಣದಲ್ಲಿ ಒಂದೇ ಆಗಿರುತ್ತದೆ. ಬೆಲೆ ಮತ್ತು ಗುಣದ ಬಗ್ಗೆ ಎಲ್ಲರಿಗೂ ಪೂರ್ಣ ಮಾಹಿತಿ ಇರುತ್ತದೆ. ಉದ್ಯಮಕ್ಕೆ ಹೊಸಬರು ಬರಲು, ಹಳಬರು ಬಿಟ್ಟುಹೋಗಲು ಯಾವ ತಡೆಯೂ ಇರುವುದಿಲ್ಲ. ಇದರ ಫಲವಾಗಿ ಪ್ರತಿಯೊಬ್ಬನೂ ಬೆಲೆಯನ್ನು ಇದ್ದ ಹಾಗೆ ಒಪ್ಪಿಕೊಳ್ಳುವವನಾಗುತ್ತಾನೆಯೇ ಹೊರತು ನಿಗದಿ ಮಾಡುವವನಾಗುವುದಿಲ್ಲ. ಈ ಚಿತ್ರದಿಂದ ಆರಂಭಿಸುವುದು ವಿಷಯದ ಸಹಜ ಅಗತ್ಯವೆಂದು ಭಾವಿಸುವವರು ಶಾಸ್ತ್ರದ ಚರಿತ್ರೆಯನ್ನು ಗಮನಿಸಬೇಕು. ಮಾರುಕಟ್ಟೆಯ ಬೆಲೆಯನ್ನು ಗಣಿತದಲ್ಲಿ ನಿರೂಪಿಸಿದ ಮೊದಲಿಗರಲ್ಲಿ ಅಗ್ರಗಣ್ಯನಾದ ಫ್ರಾನ್ಸಿನ ಆಂಟ್ವಾನ್ ಆಗಸ್ಟಿನ್ ಕೂರ್ನೋ 1838ರ ತನ್ನ ಗ್ರಂಥದಲ್ಲಿ ಬೆಲೆಯ ನಿರ್ಣಯವನ್ನು ಏಕಸ್ವಾಮ್ಯದಿಂದ ಆರಂಭಿಸಿದ: ಖನಿಜಯುಕ್ತ ನೀರಿನ ಒಂದು ಚಿಲುಮೆಯನ್ನು ಹೊಂದಿದ ಒಬ್ಬನೇ ಒಡೆಯ ಎಷ್ಟು ಬೆಲೆ ಇಡುತ್ತಾನೆ ಎಂಬ ಪ್ರಶ್ನೆಯನ್ನು ಮೊದಲು ಬಿಡಿಸಿ, ಅನಂತರ ಇಬ್ಬರು ಒಡೆಯರನ್ನು ತಂದು, ಅವರ ಸಂಖ್ಯೆಯನ್ನು ಹೆಚ್ಚಿಸುತ್ತಾ ಹೋಗಿ, ಮಿತಿಯಿಲ್ಲದ ಪೈಪೋಟಿಯನ್ನು ಕಟ್ಟಕಡೆಯ ಪ್ರಕರಣವಾಗಿ ತಲುಪಿದ. ಅವನ ಅನುಕ್ರಮದಲ್ಲಿ ಪೈಪೋಟಿ ಒಂದು ತುದಿ, ಅಳತೆಯ ಮೂಲಮಾನವಲ್ಲ. ಇಂದಿನ ಪಠ್ಯಕ್ರಮದ ಅನುಕ್ರಮ ಆಲ್ಫ್ರೆಡ್ ಮಾರ್ಷಲ್ 1890ರಲ್ಲಿ ಪ್ರಕಟಿಸಿದ ಗ್ರಂಥದ ಪರಂಪರೆಯಿಂದ ಮತ್ತು ಇಪ್ಪತ್ತನೆಯ ಶತಮಾನದ ಅಮೆರಿಕದ ಪಠ್ಯಪುಸ್ತಕಗಳ ಮೂಲಕ ಬಂದದ್ದು. ಅದು ಒಂದು ಆಯ್ಕೆ, ಮತ್ತು ಆಯ್ಕೆಯೆಂದ ಮೇಲೆ ಅದಕ್ಕೆ ಸಮರ್ಥನೆ ಬೇಕು.

ಸಮರ್ಥನೆಯಾಗಿ ಬರುವ ಮೊದಲ ಮಾತು, ಅಪವಾದಗಳನ್ನು ಆಮೇಲೆ ಹೇಗೂ ಕಲಿಸಲಾಗುತ್ತದೆ ಎಂಬುದು. ಈ 'ಆಮೇಲೆ' ಬಹುಪಾಲು ವಿದ್ಯಾರ್ಥಿಗಳ ಪಾಲಿಗೆ ಬರುವುದೇ ಇಲ್ಲ. ಕರ್ನಾಟಕದ ಪದವಿ ಕಾಲೇಜುಗಳಲ್ಲಿ ಇತಿಹಾಸ ಮತ್ತು ರಾಜ್ಯಶಾಸ್ತ್ರದ ಜೊತೆಗೆ ಅರ್ಥಶಾಸ್ತ್ರವನ್ನು ಒಂದು ವಿಷಯವಾಗಿ ತೆಗೆದುಕೊಂಡವರಲ್ಲಿ ಸ್ನಾತಕೋತ್ತರ ಮಟ್ಟಕ್ಕೆ ಹೋಗಿ ಮಾಹಿತಿಯ ಅರ್ಥಶಾಸ್ತ್ರವನ್ನೋ ತಂತ್ರಗಳ ಸಿದ್ಧಾಂತವನ್ನೋ ಓದುವವರು ಕೆಲವರು ಮಾತ್ರ. ಉಳಿದವರು ಬ್ಯಾಂಕಿನ ಗುಮಾಸ್ತರಾಗಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಾಗಿ, ಶಿಕ್ಷಕರಾಗಿ, ವ್ಯಾಪಾರಿಗಳಾಗಿ, ಪತ್ರಕರ್ತರಾಗಿ ಹೋಗುತ್ತಾರೆ, ಮತ್ತು ಮೊದಲ ವರ್ಷದಲ್ಲಿ ಎರಡು ರೇಖೆಗಳು ಕೂಡುವ ಬಿಂದುವಿನ ಬಗ್ಗೆ ಕಲಿತದ್ದೇ ಅವರ ಪಾಲಿನ ಅರ್ಥಶಾಸ್ತ್ರವಾಗಿ ಉಳಿಯುತ್ತದೆ. ಕೊನೆಯಲ್ಲಿ ಇಟ್ಟದ್ದು ಎಷ್ಟು ಸುಲಭವಾಗಿ ಕಳಚಿಬೀಳುತ್ತದೆ ಎಂಬುದಕ್ಕೆ ಪದವಿಗೂ ಮುಂಚಿನ ಹಂತದಲ್ಲೇ ಒಂದು ಸ್ಪಷ್ಟ ನಿದರ್ಶನವಿದೆ. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಯ, ಅಂದರೆ ಎನ್‌ಸಿಇಆರ್‌ಟಿಯ, ಹನ್ನೆರಡನೆಯ ತರಗತಿಯ ಸೂಕ್ಷ್ಮ ಅರ್ಥಶಾಸ್ತ್ರದ ಪುಸ್ತಕದಲ್ಲಿ ಆರು ಅಧ್ಯಾಯಗಳಿದ್ದವು. ಕೊನೆಯದು ಪೈಪೋಟಿಯಿಲ್ಲದ ಮಾರುಕಟ್ಟೆಗಳ ಕುರಿತದ್ದು. ಕೋವಿಡ್ ಕಾಲದ ಬಳಿಕ ಪಠ್ಯದ ಹೊರೆಯನ್ನು ಇಳಿಸಲು 2022-23ರ ಸಾಲಿಗೆ ಪುಸ್ತಕಗಳನ್ನು ಕತ್ತರಿಸಿದಾಗ ಪೂರ್ತಿಯಾಗಿ ಹೋದದ್ದು ಆ ಅಧ್ಯಾಯವೇ. ಹೀಗಾಗಿ ಏಕಸ್ವಾಮ್ಯವೆಂಬುದೊಂದು ಇದೆಯೆಂದು ಆ ಪುಸ್ತಕದಿಂದ ಅರಿಯದೆಯೇ ಒಬ್ಬ ವಿದ್ಯಾರ್ಥಿ ಮಾರುಕಟ್ಟೆಯ ಪಾಠವನ್ನು ಮುಗಿಸಬಹುದಾಗಿದೆ. ಇದು ಯಾರದೋ ಒಳಸಂಚು ಎಂದು ಹೇಳಬೇಕಾಗಿಲ್ಲ. ಅಪವಾದವೆಂದು ಕರೆದು ಕೊನೆಯಲ್ಲಿ ಇಟ್ಟದ್ದಕ್ಕೆ ಸಹಜವಾಗಿ ಒದಗುವ ಗತಿ ಇದು.

ಪಠ್ಯಪುಸ್ತಕಗಳು ಪರಿಪೂರ್ಣ ಪೈಪೋಟಿಗೆ ಹತ್ತಿರದ ಉದಾಹರಣೆಯೆಂದು ಹೆಚ್ಚಾಗಿ ಹೆಸರಿಸುವುದು ಕೃಷಿ ಉತ್ಪನ್ನಗಳ ಮಾರುಕಟ್ಟೆಯನ್ನು. ಗೋಧಿ ಬೆಳೆಯುವ ರೈತ ಲಕ್ಷಾಂತರ ಜನರಲ್ಲಿ ಒಬ್ಬ, ಅವನ ಗೋಧಿ ಇನ್ನೊಬ್ಬನ ಗೋಧಿಯಿಂದ ಬೇರೆಯಲ್ಲ, ಆದ್ದರಿಂದ ಅವನು ಬೆಲೆಯನ್ನು ಒಪ್ಪಿಕೊಳ್ಳುವವನು ಎಂಬುದು ತರ್ಕ. ರೈತ ಬೆಲೆಯನ್ನು ಒಪ್ಪಿಕೊಳ್ಳುವವನೆಂಬುದು ನಿಜ. ಆದರೆ ಅವನೆದುರಿಗೆ ನಿಂತ ಖರೀದಿದಾರನೂ ಅಂಥವನೇ ಎಂಬ ಊಹೆ ಎಲ್ಲಿಂದ ಬಂತು? ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಪ್ರಾಂಗಣದಲ್ಲಿ ಮಾರುವವರು ಸಾವಿರಾರು, ಲೈಸೆನ್ಸ್ ಪಡೆದು ಕೊಳ್ಳುವವರು ಬೆರಳೆಣಿಕೆಯವರು. ಮಾಲು ಮಾರಿಸಿಕೊಡುವ ದಲಾಲರ ಅಂಗಡಿಯಿಂದಲೇ ರೈತ ಬಿತ್ತನೆಯ ಹೊತ್ತಿಗೆ ಮುಂಗಡ ತಂದಿರುತ್ತಾನಾದ್ದರಿಂದ, ಬೇರೆ ಅಂಗಡಿಗೆ ಮಾಲು ಇಳಿಸುವ ಸ್ವಾತಂತ್ರ್ಯ ಅವನಿಗೆ ಹಲವು ವೇಳೆ ಕಾಗದದ ಮೇಲೆ ಮಾತ್ರ ಇರುತ್ತದೆ. ಬಂದ ಬೆಲೆ ಒಗ್ಗದಿದ್ದರೆ ಮಾಲನ್ನು ವಾಪಸು ಒಯ್ಯಲು ಗಾಡಿ ಬಾಡಿಗೆ ಬೇಕು, ಇಡಲು ಉಗ್ರಾಣ ಬೇಕು, ಕಾಯಲು ಸಾಲ ಕೊಟ್ಟವನ ತಾಳ್ಮೆ ಬೇಕು. ಈ ಸ್ಥಿತಿ ಗೊತ್ತಿದ್ದುದರಿಂದಲೇ 1928ರಲ್ಲಿ ವರದಿ ಸಲ್ಲಿಸಿದ ರಾಯಲ್ ಕೃಷಿ ಆಯೋಗ ನಿಯಂತ್ರಿತ ಮಾರುಕಟ್ಟೆಗಳನ್ನು ಶಿಫಾರಸು ಮಾಡಿತು. ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ, ತೂಕದಲ್ಲಿ ಕಳೆಯುವ, ಮನಬಂದಂತೆ ಕಡಿತ ಮಾಡುವ ಪದ್ಧತಿಗಳನ್ನು ತಡೆಯುವುದು ಇಂಥ ಮಾರುಕಟ್ಟೆಗಳ ಉದ್ದೇಶವಾಗಿತ್ತು, ಮತ್ತು ಕರ್ನಾಟಕದ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ಆ ಹಾದಿಯಲ್ಲೇ ಬಂದದ್ದು. ಕಾಯ್ದೆಯೂ ಹೊಸ ಕೂಟಗಳಿಗೆ ಎಡೆಮಾಡಿಕೊಟ್ಟಿತೆಂಬ ದೂರು ಬಂದ ಮೇಲೆ, ರಾಜ್ಯ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿ, ಒಂದೇ ಲೈಸೆನ್ಸಿನಲ್ಲಿ ಹಲವು ಮಾರುಕಟ್ಟೆಗಳಲ್ಲಿ ಕಂಪ್ಯೂಟರ್ ಮೂಲಕ ಬೆಲೆ ಕೂಗಲು ಅವಕಾಶ ಮಾಡಿತು. ಅದರ ಪರಿಣಾಮವನ್ನು ಅಳೆದ ಸಂಶೋಧಕರು ಭತ್ತದ ಬೆಲೆ ಸರಾಸರಿ ಶೇಕಡಾ 5ರಷ್ಟು ಏರಿತೆಂದೂ, ನೆಲಗಡಲೆ ಮತ್ತು ಮೆಕ್ಕೆಜೋಳದಲ್ಲಿ ಏರಿಕೆ ಅದಕ್ಕಿಂತ ಸ್ವಲ್ಪ ಕಡಿಮೆಯೆಂದೂ ಕಂಡುಕೊಂಡರು. ಅದೇ ರೈತ, ಅದೇ ಭತ್ತ, ಅದೇ ಊರು. ಬದಲಾದದ್ದು ಬೆಲೆ ಕೂಗುವ ನಿಯಮ. ಈ ಒಂದು ಸಂಗತಿಯಲ್ಲಿ ಸೂಕ್ಷ್ಮ ಅರ್ಥಶಾಸ್ತ್ರದ ಒಂದು ಸೆಮಿಸ್ಟರಿಗಾಗುವಷ್ಟು ವಿಷಯವಿದೆ, ಮತ್ತು ಪರಿಪೂರ್ಣ ಪೈಪೋಟಿಯ ಪಾಠದಲ್ಲಿ ಇದಕ್ಕೆ ಸ್ಥಳವೇ ಇಲ್ಲ, ಏಕೆಂದರೆ ಆ ಪಾಠದಲ್ಲಿ ಹರಾಜಿನ ನಿಯಮಗಳೇ ಇಲ್ಲ.

ನಿಯಮಗಳಿಲ್ಲದಿರುವುದು ಕೇವಲ ವಿವರದ ಕೊರತೆಯಲ್ಲ, ತರ್ಕದ ಕೊರತೆ. ಪ್ರತಿಯೊಬ್ಬನೂ ಬೆಲೆಯನ್ನು ಒಪ್ಪಿಕೊಳ್ಳುವವನೇ ಆದರೆ ಬೆಲೆಯನ್ನು ಬದಲಿಸುವವರು ಯಾರು? ಲಿಯೋ ವಾಲ್ರಾ 1874ರಲ್ಲಿ ಸಮಗ್ರ ಸಮತೋಲನದ ಸಿದ್ಧಾಂತವನ್ನು ಕಟ್ಟಿದಾಗ, ಬೆಲೆಗಳನ್ನು ಕೂಗುತ್ತಾ ಬೇಡಿಕೆ ಪೂರೈಕೆಗಳು ಸರಿಹೊಂದುವವರೆಗೆ ತಿದ್ದುತ್ತಾ ಹೋಗುವ ಪ್ರಕ್ರಿಯೆಯೊಂದನ್ನು ಕಲ್ಪಿಸಬೇಕಾಯಿತು; ಅದನ್ನು ನಡೆಸುವವನನ್ನು ಮುಂದಿನವರು ಹರಾಜುಗಾರನೆಂದು ಕರೆದರು. ಕೆನೆತ್ ಆ್ಯರೋ 1959ರ ಪ್ರಬಂಧವೊಂದರಲ್ಲಿ ಈ ಬಿರುಕನ್ನು ನೇರವಾಗಿ ಎತ್ತಿತೋರಿಸಿ, ಸಮತೋಲನದಿಂದ ಹೊರಗಿರುವಾಗ ಪ್ರತಿಯೊಂದು ಸಂಸ್ಥೆಯೂ ಬೆಲೆಯನ್ನು ತಾನೇ ನಿರ್ಧರಿಸಬೇಕಾಗುವುದರಿಂದ ಅದು ತಾತ್ಕಾಲಿಕವಾಗಿ ಏಕಸ್ವಾಮಿಯಂತೆಯೇ ವರ್ತಿಸುತ್ತದೆ ಎಂದು ವಾದಿಸಿದರು. ಸಮತೋಲನದ ಅಸ್ತಿತ್ವವನ್ನು ಜೆರಾರ್ಡ್ ಡೆಬ್ರು ಜೊತೆಗೂಡಿ 1954ರಲ್ಲಿ ಸಾಧಿಸಿದ ವಿದ್ವಾಂಸನೇ ಆ ಸಮತೋಲನಕ್ಕೆ ತಲುಪುವ ದಾರಿಯನ್ನು ಸಿದ್ಧಾಂತ ವಿವರಿಸಿಲ್ಲವೆಂದು ಹೇಳಿದ ಮೇಲೂ, ಮೊದಲ ವರ್ಷದ ತರಗತಿಯಲ್ಲಿ ಬೆಲೆ ತಾನಾಗಿಯೇ ಸಮತೋಲನದ ಬಿಂದುವಿಗೆ ಬಂದು ನಿಲ್ಲುತ್ತದೆಂದು ಕಪ್ಪುಹಲಗೆಯ ಮೇಲೆ ಬಾಣದ ಗುರುತು ಹಾಕಿ ತೋರಿಸುವುದು ನಡೆದೇ ಇದೆ. ಆ ಬಾಣದ ಗುರುತು ಕಾಲವನ್ನೂ ಮರೆಸುತ್ತದೆ. ಕೋಲಾರದ ಟೊಮೆಟೊ ಬೆಳೆಗಾರ ಈ ತಿಂಗಳ ಬೆಲೆಯನ್ನು ನೋಡಿ ಸಸಿ ನೆಡುತ್ತಾನೆ, ಫಸಲು ಕೈಗೆ ಬರುವುದು ಎರಡು ಮೂರು ತಿಂಗಳ ಮೇಲೆ. ಆ ಹೊತ್ತಿಗೆ ಅವನಂತೆಯೇ ಯೋಚಿಸಿದ ಎಲ್ಲರ ಫಸಲೂ ಮಾರುಕಟ್ಟೆಗೆ ಬಂದಿರುತ್ತದೆ. 2023ರ ಜುಲೈನಲ್ಲಿ ಕಿಲೋಗೆ ನೂರು ರೂಪಾಯಿಯನ್ನು ದಾಟಿದ ಟೊಮೆಟೊ ಸೆಪ್ಟೆಂಬರಿನಲ್ಲಿ ಕುಸಿದುಬಿದ್ದದ್ದು ಈ ಬಗೆಯಲ್ಲೇ. ಪೂರೈಕೆ ಹಿಂದಿನ ಬೆಲೆಯನ್ನು ಅನುಸರಿಸಿದಾಗ ಬೆಲೆ ಸಮತೋಲನದ ಸುತ್ತ ಜೇಡರ ಬಲೆಯಂತೆ ಸುತ್ತುತ್ತದೆಯೆಂದೂ, ಕೆಲವೊಮ್ಮೆ ಅದರಿಂದ ದೂರ ದೂರ ಸರಿಯುತ್ತದೆಯೆಂದೂ ಮೊರ್ಡೆಕಾಯ್ ಎಜಿಕಿಯಲ್ 1938ರಲ್ಲೇ ವಿವರಿಸಿದ್ದರು. ಆ ಚಿತ್ರ ಬರೆಯಲು ಬೇಕಾದದ್ದು ಅದೇ ಎರಡು ರೇಖೆಗಳು. ಆದರೂ ಬಹುತೇಕ ತರಗತಿಗಳಲ್ಲಿ ಅದು ಸಮಯ ಮಿಕ್ಕರೆ ಹೇಳುವ ವಿಷಯ.

ಸಾಂಪ್ರದಾಯಿಕ ಕ್ರಮದ ಸಮರ್ಥಕರ ಅತ್ಯಂತ ಬಲವಾದ ವಾದವನ್ನು ಇಲ್ಲಿ ಎದುರಿಸಬೇಕು. ಭೌತಶಾಸ್ತ್ರದಲ್ಲಿ ಘರ್ಷಣೆಯಿಲ್ಲದ ಇಳಿಜಾರನ್ನು ಮೊದಲು ಕಲಿಸಿ ಘರ್ಷಣೆಯನ್ನು ಅನಂತರ ಸೇರಿಸುವ ಹಾಗೆಯೇ, ಅರ್ಥಶಾಸ್ತ್ರದಲ್ಲಿಯೂ ತೊಡಕುಗಳಿಲ್ಲದ ಮಾರುಕಟ್ಟೆಯಿಂದ ಆರಂಭಿಸುವುದು ವಿಜ್ಞಾನದ ಕ್ರಮವೇ ಎಂದು ಅವರು ಹೇಳುತ್ತಾರೆ. ಈ ಹೋಲಿಕೆ ಎರಡು ಕಡೆ ಮುರಿಯುತ್ತದೆ. ಭೌತಶಾಸ್ತ್ರದ ವಿದ್ಯಾರ್ಥಿ ಅದೇ ವಾರ ಪ್ರಯೋಗಾಲಯಕ್ಕೆ ಹೋಗಿ, ಸೂತ್ರ ಹೇಳಿದ್ದಕ್ಕೂ ಗುಂಡು ಜಾರಿದ್ದಕ್ಕೂ ಇರುವ ಅಂತರವನ್ನು ಕೈಯಾರೆ ಅಳೆಯುತ್ತಾನೆ. ಸೂಕ್ಷ್ಮ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಅಂಥ ಅಳತೆಯ ಸಂದರ್ಭವೇ ಒದಗುವುದಿಲ್ಲ, ಅವನು ಪರೀಕ್ಷೆಯಲ್ಲಿ ಮಾಡುವುದು ಚಿತ್ರವನ್ನು ಮತ್ತೆ ಬರೆಯುವುದನ್ನು. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಘರ್ಷಣೆ ಕಡಿಮೆಯಾದಷ್ಟೂ ಗುಂಡಿನ ಚಲನೆ ಆದರ್ಶ ಸೂತ್ರಕ್ಕೆ ಹತ್ತಿರವಾಗುತ್ತದೆ. ಮಾರುಕಟ್ಟೆಯ ಬಗ್ಗೆ ಹಾಗೆ ಹೇಳಲು ಬರುವುದಿಲ್ಲವೆಂದು ರಿಚರ್ಡ್ ಲಿಪ್ಸಿ ಮತ್ತು ಕೆಲ್ವಿನ್ ಲ್ಯಾಂಕಾಸ್ಟರ್ 1956ರಲ್ಲಿ ಸಾಧಿಸಿ ತೋರಿಸಿದರು. ಪರಿಪೂರ್ಣ ಪೈಪೋಟಿಯ ಹಲವು ನಿಬಂಧನೆಗಳಲ್ಲಿ ಒಂದು ಈಡೇರದಿದ್ದಾಗ, ಉಳಿದವನ್ನು ಈಡೇರಿಸುವುದರಿಂದ ಸಮಾಜದ ಹಿತ ಹೆಚ್ಚಲೇಬೇಕೆಂದಿಲ್ಲ, ಕುಗ್ಗಲೂಬಹುದು ಎಂಬುದು ಅವರ ಸಿದ್ಧಾಂತದ ಸಾರ. ನದಿಗೆ ವಿಷಯುಕ್ತ ನೀರನ್ನು ಬಿಡುವ ಒಂದೇ ಒಂದು ಕಾರ್ಖಾನೆ ಹೆಚ್ಚು ಲಾಭಕ್ಕಾಗಿ ಉತ್ಪಾದನೆಯನ್ನು ತಗ್ಗಿಸಿಟ್ಟಿರುವಾಗ, ಮಾಲಿನ್ಯವನ್ನು ತಡೆಯದೆ ಏಕಸ್ವಾಮ್ಯವನ್ನು ಮಾತ್ರ ಮುರಿದರೆ ಉತ್ಪಾದನೆ ಹೆಚ್ಚಿ ನದಿ ಇನ್ನಷ್ಟು ಕೆಡುತ್ತದೆ ಎಂಬುದನ್ನು ನೆನೆದರೆ ಈ ಮಾತು ಸ್ಪಷ್ಟವಾಗುತ್ತದೆ. ಹೀಗಿರುವಾಗ, ವಾಸ್ತವದ ಮಾರುಕಟ್ಟೆ ಮಾದರಿಗೆ ಸುಮಾರಾಗಿ ಹತ್ತಿರವಿದೆ, ಆದ್ದರಿಂದ ಮಾದರಿ ಕೊಡುವ ಸಲಹೆಯೂ ಸುಮಾರಾಗಿ ಸರಿಯಿರುತ್ತದೆ ಎಂಬ, ಯಾರೂ ಬಾಯಿಬಿಟ್ಟು ಹೇಳದಿದ್ದರೂ ಪ್ರತಿ ತರಗತಿಯೂ ನಂಬಿಸುವ ಮಾತಿಗೆ, ಸಿದ್ಧಾಂತದ ಒಳಗಿನಿಂದಲೇ ಆಧಾರ ತಪ್ಪಿಹೋಗಿದೆ.

ಮಿಲ್ಟನ್ ಫ್ರೀಡ್‌ಮನ್ 1953ರ ಪ್ರಬಂಧದಲ್ಲಿ ಮಂಡಿಸಿದ ಇನ್ನೊಂದು ರಕ್ಷಣೆಯಿದೆ: ಸಿದ್ಧಾಂತವೊಂದರ ಊಹೆಗಳು ವಾಸ್ತವಕ್ಕೆ ದೂರವಿದ್ದರೂ ಅದು ಕೊಡುವ ಮುನ್ಸೂಚನೆ ಸರಿಯಾದರೆ ಸಾಕು. ಈ ಅಳತೆಗೋಲನ್ನು ಒಪ್ಪಿಕೊಂಡೇ ನೋಡಬಹುದು. ಮೊದಲ ಪತ್ರಿಕೆಯ ಅತ್ಯಂತ ಪ್ರಸಿದ್ಧ ಮುನ್ಸೂಚನೆಗಳಲ್ಲಿ ಒಂದು, ಸರ್ಕಾರ ಸಮತೋಲನಕ್ಕಿಂತ ಮೇಲೆ ಕನಿಷ್ಠ ಕೂಲಿಯನ್ನು ನಿಗದಿಮಾಡಿದರೆ ಉದ್ಯೋಗ ಕುಗ್ಗುತ್ತದೆ ಎಂಬುದು. ಅಮೆರಿಕದ ನ್ಯೂಜೆರ್ಸಿ ರಾಜ್ಯ 1992ರ ಏಪ್ರಿಲ್‌ನಲ್ಲಿ ಗಂಟೆಯ ಕನಿಷ್ಠ ಕೂಲಿಯನ್ನು 4.25 ಡಾಲರಿನಿಂದ 5.05 ಡಾಲರಿಗೆ ಏರಿಸಿತು, ನೆರೆಯ ಪೆನ್ಸಿಲ್ವೇನಿಯ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಆಲನ್ ಕ್ರೂಗರ್ ಎರಡೂ ಕಡೆಯ 410 ಫಾಸ್ಟ್‌ಫುಡ್ ಹೋಟೆಲುಗಳನ್ನು ಏರಿಕೆಗೆ ಮೊದಲೂ ಆಮೇಲೂ ಸಮೀಕ್ಷಿಸಿ, 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನ್ಯೂಜೆರ್ಸಿಯಲ್ಲಿ ಉದ್ಯೋಗ ಕುಗ್ಗಿದ್ದಕ್ಕೆ ಸಾಕ್ಷ್ಯವಿಲ್ಲವೆಂದರು. ಅವರ ಅಂಕಿಅಂಶಗಳನ್ನು ಇತರರು ಪ್ರಶ್ನಿಸಿದರು, ವಾದ ದಶಕಗಳ ಕಾಲ ನಡೆಯಿತು, ಕನಿಷ್ಠ ಕೂಲಿ ಎಷ್ಟು ಏರಿದರೂ ಉದ್ಯೋಗಕ್ಕೆ ಧಕ್ಕೆಯಿಲ್ಲವೆಂದು ಇಂದಿಗೂ ಯಾವ ಗಂಭೀರ ವಿದ್ವಾಂಸನೂ ಹೇಳುವುದಿಲ್ಲ. ಆದರೆ ಎರಡು ರೇಖೆಗಳ ಚಿತ್ರ ಕೊಡುವ ಖಚಿತ ಉತ್ತರ ಉಳಿಯಲಿಲ್ಲ. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಉತ್ತರ ಏಕೆ ತಪ್ಪಿತು ಎಂಬುದಕ್ಕೆ ಬೇಕಾದ ಸಿದ್ಧಾಂತ ಹೊಸದೇನೂ ಅಲ್ಲ. ಕೆಲಸ ಕೊಡುವವರು ಒಬ್ಬಿಬ್ಬರೇ ಇದ್ದಾಗ ಅವರು ಕೂಲಿಯನ್ನು ತಗ್ಗಿಸಿಟ್ಟು, ಅದರ ಜೊತೆಗೇ ಕೆಲಸಗಾರರ ಸಂಖ್ಯೆಯನ್ನೂ ತಗ್ಗಿಸಿಡುತ್ತಾರೆ ಎಂಬ ಕೊಳ್ಳುಗನ ಏಕಸ್ವಾಮ್ಯದ ವಿಶ್ಲೇಷಣೆಯನ್ನು ಜೋನ್ ರಾಬಿನ್ಸನ್ 1933ರಲ್ಲೇ ವಿಸ್ತಾರವಾಗಿ ಬರೆದಿದ್ದರು. ಅಂಥ ಸ್ಥಿತಿಯಲ್ಲಿ ಕೂಲಿಯ ಕನಿಷ್ಠ ಮಿತಿ ಕೂಲಿಯನ್ನೂ ಉದ್ಯೋಗವನ್ನೂ ಒಟ್ಟಿಗೆ ಏರಿಸಬಲ್ಲದು.

ಇದು ಅಮೆರಿಕದ ಹೋಟೆಲುಗಳ ಮಾತಾಯಿತೆಂದು ತಳ್ಳಿಹಾಕುವಂತಿಲ್ಲ. ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ 2005ರಲ್ಲಿ ಬಂದಾಗ, ಸರ್ಕಾರದ ಕೂಲಿ ಹೊಲದ ಕೂಲಿಯನ್ನು ಏರಿಸಿ ಖಾಸಗಿ ಕೆಲಸವನ್ನು ಕುಗ್ಗಿಸುತ್ತದೆಂಬ ಆತಂಕವನ್ನು ಪಠ್ಯಪುಸ್ತಕದ ತರ್ಕದಿಂದಲೇ ಮುಂದಿಡಲಾಗಿತ್ತು. ಕಾರ್ತಿಕ್ ಮುರಳೀಧರನ್, ಪಾಲ್ ನೀಹೌಸ್, ಸಂದೀಪ್ ಸುಖ್ತಂಕರ್ ಅವರು ಅವಿಭಜಿತ ಆಂಧ್ರಪ್ರದೇಶದ ಮಂಡಲಗಳಲ್ಲಿ ಕೂಲಿ ಪಾವತಿಯ ಸ್ಮಾರ್ಟ್‌ಕಾರ್ಡ್ ವ್ಯವಸ್ಥೆಯನ್ನು ಯಾವ ಮಂಡಲಕ್ಕೆ ಮೊದಲು ತರಬೇಕೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ ನಡೆಸಿದ ದೊಡ್ಡ ಪ್ರಯೋಗದಲ್ಲಿ, ಖಾತರಿ ಯೋಜನೆ ಚೆನ್ನಾಗಿ ನಡೆದ ಕಡೆ ಖಾಸಗಿ ಕೂಲಿ ಏರಿದ್ದಷ್ಟೇ ಅಲ್ಲ, ಖಾಸಗಿ ಕೆಲಸವೂ ಕುಗ್ಗಲಿಲ್ಲ, ಹೆಚ್ಚಿತೆಂದು ಕಂಡುಬಂತು. ಇದಕ್ಕೆ ಅವರು ಕೊಟ್ಟ ವಿವರಣೆಗಳಲ್ಲಿ ಭೂಮಾಲೀಕರ ಕೈಯಲ್ಲಿರುವ ಕೂಲಿ ನಿಗದಿಯ ಬಲವೂ ಒಂದು. ಹಳ್ಳಿಯಲ್ಲಿ ಕೂಲಿಗೆ ಕರೆಯುವವರು ನಾಲ್ಕು ಮನೆಯವರು ಮಾತ್ರ ಎಂಬುದನ್ನು ಅರಿತ ವಿದ್ಯಾರ್ಥಿನಿಗೆ ಈ ಫಲಿತಾಂಶ ಆಶ್ಚರ್ಯವಾಗುವುದಿಲ್ಲ. ಆದರೆ ಅವಳು ಪರೀಕ್ಷೆಯಲ್ಲಿ ಅಂಕ ಪಡೆಯಬೇಕಾದರೆ ತನಗೆ ಗೊತ್ತಿರುವುದನ್ನು ಬದಿಗಿಟ್ಟು, ಅಸಂಖ್ಯ ಮಾಲೀಕರು ಅಸಂಖ್ಯ ಕೂಲಿಗಳನ್ನು ಹುಡುಕುವ ಚಿತ್ರವನ್ನು ಬರೆಯಬೇಕು. ಶಿಕ್ಷಣವೊಂದು ಕಲಿಯುವವಳ ತಿಳಿವಳಿಕೆಯನ್ನು ಬೆಳೆಸುವ ಬದಲು ಹೀಗೆ ಅಳಿಸುವುದಾದರೆ ಅದನ್ನು ವಿಜ್ಞಾನದ ಶಿಸ್ತೆಂದು ಕರೆಯುವುದು ವಿಜ್ಞಾನಕ್ಕೇ ಮಾಡುವ ಅನ್ಯಾಯ.

ಮಾಹಿತಿಯ ವಿಷಯದಲ್ಲಿ ಈ ಅನ್ಯಾಯ ಇನ್ನೂ ಢಾಳಾಗಿ ಕಾಣುತ್ತದೆ. ಮಾರುವವನಿಗೆ ಸರಕಿನ ಗುಣ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದಾಗ ಒಳ್ಳೆಯ ಸರಕು ಮಾರುಕಟ್ಟೆಯಿಂದಲೇ ಹೊರಬೀಳಬಹುದೆಂದು ಜಾರ್ಜ್ ಅಕರ್ಲಾಫ್ 1970ರ ಪ್ರಬಂಧದಲ್ಲಿ ತೋರಿಸಿದರು. ಕೊಳ್ಳುವವನು ಸರಾಸರಿ ಗುಣಕ್ಕೆ ತಕ್ಕ ಬೆಲೆಯನ್ನು ಮಾತ್ರ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯ ಸರಕಿನವರು ಮಾರಲು ಒಪ್ಪದೆ ಹಿಂದೆಗೆಯುತ್ತಾರೆ. ಅದರಿಂದ ಸರಾಸರಿ ಗುಣ ಇನ್ನೂ ಕುಸಿಯುತ್ತದೆ, ಅದರ ಜೊತೆಗೆ ಬೆಲೆಯೂ ಕುಸಿಯುತ್ತದೆ. ಹಳೆಯ ಕಾರುಗಳ ಉದಾಹರಣೆಯಿಂದ ಪ್ರಸಿದ್ಧವಾದ ಈ ಪ್ರಬಂಧವನ್ನು ಮೊದಮೊದಲು ಹಲವು ಪತ್ರಿಕೆಗಳು ತಿರಸ್ಕರಿಸಿದ್ದವು. 2001ರಲ್ಲಿ ಅವರಿಗೆ ನೊಬೆಲ್ ತಂದುಕೊಟ್ಟದ್ದು ಮಾಹಿತಿಯ ಕುರಿತ ಈ ಬಗೆಯ ಕೆಲಸವೇ. ಭಾರತದ ವಿದ್ಯಾರ್ಥಿಗಳಿಗೆ ಹೇಳಲೇಬೇಕಾದ ಸಂಗತಿಯೆಂದರೆ, ಅಕರ್ಲಾಫ್ 1967-68ರಲ್ಲಿ ದೆಹಲಿಯಲ್ಲಿದ್ದರು, ಮತ್ತು ಆ ಪ್ರಬಂಧದಲ್ಲಿ ಕಾರುಗಳ ಪಕ್ಕದಲ್ಲೇ ಭಾರತದ ಲೇವಾದೇವಿಗಾರನೂ ಇದ್ದಾನೆ, ಪೇಟೆಯಿಂದ ತಂದ ಅಕ್ಕಿಯಲ್ಲಿ ಬೇಕೆಂದೇ ಬೆರೆಸಿದ, ಅಕ್ಕಿಯದೇ ಬಣ್ಣದ ಮತ್ತು ಆಕಾರದ ಕಲ್ಲುಗಳನ್ನು ಆರಿಸಿ ತೆಗೆಯುವ ಗೃಹಿಣಿಯೂ ಇದ್ದಾಳೆ. ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುವ ಕೆಲಸ ಕನ್ನಡ ನಾಡಿನ ಪ್ರತಿ ಮನೆಗೂ ಗೊತ್ತಿತ್ತು. ಅದರಲ್ಲಿ ಆಧುನಿಕ ಅರ್ಥಶಾಸ್ತ್ರದ ಒಂದು ಕೇಂದ್ರ ಸಿದ್ಧಾಂತಕ್ಕೆ ಆಧಾರವಿದೆಯೆಂಬುದನ್ನು ಕಾಲೇಜಿನ ಮೊದಲ ಪತ್ರಿಕೆ ಹೇಳದೆ, ಪೂರ್ಣ ಮಾಹಿತಿಯುಳ್ಳ ಅನುಭೋಗಿಯ ಉದಾಸೀನ ವಕ್ರರೇಖೆಗಳಿಗೆ ವಾರಗಟ್ಟಲೆ ಕಾಲವನ್ನು ಮೀಸಲಿಡುತ್ತದೆ. ಈ ವಕ್ರರೇಖೆಗಳು, ಅಂದರೆ ಒಬ್ಬನಿಗೆ ಸಮಾನ ತೃಪ್ತಿ ಕೊಡುವ ಎರಡು ಸರಕುಗಳ ಬೇರೆ ಬೇರೆ ಜೋಡಣೆಗಳನ್ನು ಸೇರಿಸುವ ಗೆರೆಗಳು, ನಿರುಪಯುಕ್ತವಲ್ಲ. ಬೆಲೆ ಬದಲಾದಾಗ ಬಡವನ ಆಯ್ಕೆ ಹೇಗೆ ಬದಲಾಗುತ್ತದೆಂಬುದನ್ನು ಅರಿಯಲು ಅವು ಬೇಕು. ಆದರೆ ಅಕ್ಕಿಯ ಚೀಲದಲ್ಲಿ ಏನಿದೆಯೆಂದು ಗೊತ್ತಿಲ್ಲದವಳ ಸಮಸ್ಯೆಗಿಂತ ಅವಕ್ಕೆ ಮೊದಲ ಸ್ಥಾನ ಸಲ್ಲಬೇಕೆಂಬುದಕ್ಕೆ ಕಾರಣವಿಲ್ಲ.

ಈ ಕ್ರಮ ಯಾರ ಪಕ್ಷವನ್ನೂ ವಹಿಸುವುದಿಲ್ಲವೆಂಬ ಮಾತನ್ನು ಪರಿಶೀಲಿಸುವುದು ಉಳಿದಿದೆ. ಮೊದಲ ಪತ್ರಿಕೆ ಪರಿಪೂರ್ಣ ಪೈಪೋಟಿಯ ಸಮತೋಲನವನ್ನು ದಕ್ಷವೆಂದು ಕರೆಯುತ್ತದೆ. ಅದರ ಅರ್ಥ, ಇನ್ನೊಬ್ಬರಿಗೆ ನಷ್ಟ ಮಾಡದೆ ಯಾರ ಸ್ಥಿತಿಯನ್ನೂ ಉತ್ತಮಪಡಿಸಲಾಗದ ನೆಲೆ ಅದು. ಆದರೆ ಬೇಡಿಕೆಯ ರೇಖೆಯಲ್ಲಿ ದಾಖಲಾಗುವುದು ಹಸಿವಲ್ಲ, ಹಣ ಕೊಡುವ ಶಕ್ತಿಯಿಂದ ಬೆಂಬಲಿತವಾದ ಬಯಕೆ. ಕೈಯಲ್ಲಿ ಕಾಸಿಲ್ಲದವನು ಆ ರೇಖೆಯ ಮೇಲೆ ಎಲ್ಲಿಯೂ ಇಲ್ಲ. ಅಮರ್ತ್ಯ ಸೆನ್ 1981ರ ತಮ್ಮ ಗ್ರಂಥದಲ್ಲಿ 1943ರ ಬಂಗಾಳದ ಕ್ಷಾಮವನ್ನು ಪರಿಶೀಲಿಸಿ, ಆ ವರ್ಷದ ಆಹಾರದ ಒಟ್ಟು ಲಭ್ಯತೆ ಹಿಂದಿನ ಐದು ವರ್ಷಗಳ ಸರಾಸರಿಗಿಂತ ಸುಮಾರು ಶೇಕಡಾ 5ರಷ್ಟು ಮಾತ್ರ ಕಡಿಮೆಯಿತ್ತು, ಕ್ಷಾಮವಿಲ್ಲದ 1941ಕ್ಕಿಂತ ಶೇಕಡಾ 13ರಷ್ಟು ಹೆಚ್ಚೇ ಇತ್ತು ಎಂದು ಲೆಕ್ಕ ಹಾಕಿದರು. ಯುದ್ಧಕಾಲದ ಖರ್ಚಿನಿಂದ ಕಲ್ಕತ್ತೆಯ ಕೊಳ್ಳುವ ಶಕ್ತಿ ಏರಿತು, ಅಕ್ಕಿಯ ಬೆಲೆ ಏರಿತು, ಕೃಷಿ ಕೂಲಿಕಾರರ, ಬೆಸ್ತರ, ಕುಶಲಕರ್ಮಿಗಳ ಗಳಿಕೆ ಏರಲಿಲ್ಲ, ಅವರು ಲಕ್ಷಗಟ್ಟಲೆ ಸತ್ತರು. ಸೆನ್ ಅವರ ಅಂಕಿಗಳ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಬೇಡಿಕೆ ಪೂರೈಕೆಗಳು ಸರಿದೂಗಿದ ಮಾರುಕಟ್ಟೆಯ ಪಕ್ಕದಲ್ಲೇ ಜನ ಹಸಿವಿನಿಂದ ಸಾಯಬಹುದೆಂಬ ತಾರ್ಕಿಕ ಸಾಧ್ಯತೆಯನ್ನು ಯಾರೂ ಅಲ್ಲಗಳೆಯಲಾರರು. ಈ ಸಾಧ್ಯತೆಯನ್ನು ಹೇಳದೆ ದಕ್ಷತೆಯನ್ನು ಮಾತ್ರ ಕಲಿಸುವ ಪಾಠ ಒಂದು ಪಕ್ಷವನ್ನು ವಹಿಸಿದೆ: ಆರಂಭದಲ್ಲಿ ಯಾರ ಬಳಿ ಏನಿತ್ತು ಎಂಬ ಪ್ರಶ್ನೆಯನ್ನು ಕೇಳಬೇಕಾಗಿಲ್ಲ ಎನ್ನುವವರ ಪಕ್ಷವನ್ನು.

ವಿದ್ಯಾರ್ಥಿಗಳು ಇದನ್ನು ಗ್ರಹಿಸದೆ ಇಲ್ಲ. ಫ್ರಾನ್ಸಿನ ಅರ್ಥಶಾಸ್ತ್ರದ ವಿದ್ಯಾರ್ಥಿಗಳು 2000ದಲ್ಲಿ ಬಹಿರಂಗ ಮನವಿಯೊಂದನ್ನು ಹೊರಡಿಸಿದರು, ಹಾರ್ವರ್ಡ್‌ನಲ್ಲಿ 2011ರ ನವೆಂಬರ್‌ನಲ್ಲಿ ಹಲವರು ಆರಂಭಿಕ ಅರ್ಥಶಾಸ್ತ್ರದ ತರಗತಿಯನ್ನು ಬಿಟ್ಟು ಹೊರನಡೆದರು, ಮ್ಯಾಂಚೆಸ್ಟರ್‌ನಲ್ಲಿ 2012ರಲ್ಲಿ ಪಠ್ಯಕ್ರಮದ ಬದಲಾವಣೆಗಾಗಿ ಸಂಘ ಕಟ್ಟಿದರು. ಇವರ ಅತೃಪ್ತಿಯನ್ನು ಕಂಡು, ಸಿದ್ಧಾಂತವನ್ನೇ ಬಿಟ್ಟು ಆರ್ಥಿಕ ರಾಜಕಾರಣವನ್ನೋ ಅಂಕಿಅಂಶಗಳ ವರದಿಗಳನ್ನೋ ಕಲಿಸಿದರೆ ಸಾಕೆಂದು ಹೇಳುವವರೂ ಇದ್ದಾರೆ. ಅವರ ಮಾತನ್ನು ಒಪ್ಪಲಾಗದು. ಅವಕಾಶ ವೆಚ್ಚದ ಕಲ್ಪನೆಯಿಲ್ಲದೆ, ಅಂದರೆ ಒಂದನ್ನು ಆರಿಸಿಕೊಂಡಾಗ ಬಿಟ್ಟುಕೊಟ್ಟ ಇನ್ನೊಂದರ ಬೆಲೆಯ ಅರಿವಿಲ್ಲದೆ, ಸರ್ಕಾರದ ಬಜೆಟ್ಟನ್ನು ಓದಲಾಗದು. ಬೇಡಿಕೆಯ ಸ್ಥಿತಿಸ್ಥಾಪಕತ್ವ, ಅಂದರೆ ಬೆಲೆಯ ಬದಲಾವಣೆಗೆ ಕೊಳ್ಳುವ ಪ್ರಮಾಣ ಎಷ್ಟು ಮಣಿಯುತ್ತದೆಂಬ ಅಳತೆ, ಗೊತ್ತಿಲ್ಲದವರಿಗೆ ಬಂಪರ್ ಬೆಳೆ ಬಂದ ವರ್ಷವೇ ರೈತನ ಆದಾಯ ಕುಸಿಯುವುದೇಕೆಂದು ತಿಳಿಯದು. ಬೇಕಾಗಿರುವುದು ಹೆಚ್ಚು ಸಿದ್ಧಾಂತ, ಮತ್ತು ಸರಿಯಾದ ಕ್ರಮದ ಸಿದ್ಧಾಂತ. ವೆಂಡಿ ಕಾರ್ಲಿನ್ ಮತ್ತು ಸ್ಯಾಮ್ಯುಯೆಲ್ ಬೌಲ್ಸ್ ಮೊದಲಾದವರು ರೂಪಿಸಿ ಉಚಿತವಾಗಿ ಒದಗಿಸಿರುವ 'ಕೋರ್' ಪಠ್ಯ ಅಸಮಾನತೆ, ಸಹಕಾರದ ಸಂದಿಗ್ಧಗಳು, ಮಾಲೀಕ ಮತ್ತು ಕೆಲಸಗಾರರ ನಡುವಿನ ಸಂಬಂಧ ಇವುಗಳನ್ನು ಮೊದಲು ಕಲಿಸಿ, ಎಲ್ಲರೂ ಬೆಲೆಯನ್ನು ಒಪ್ಪಿಕೊಳ್ಳುವ ಮಾರುಕಟ್ಟೆಯನ್ನು ಆಮೇಲೆ ತರುತ್ತದೆ. ಇದು ಆಗದ ಕೆಲಸವಲ್ಲವೆಂಬುದಕ್ಕೆ ಅದೊಂದೇ ಸಾಕು.

ಇಂಥ ವಿಷಯಗಳಿಗೆ ಕಠಿಣ ಗಣಿತ ಬೇಕು, ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗೆ ಅದು ಎಟುಕದು ಎಂಬ ಕೊನೆಯ ಆಕ್ಷೇಪ ತೀರ ದುರ್ಬಲವಾದದ್ದು. ಇಬ್ಬರು ವ್ಯಕ್ತಿಗಳ, ತಲಾ ಎರಡು ಆಯ್ಕೆಗಳ ಒಂದು ಕೋಷ್ಟಕವನ್ನು ಓದಲು ಕೂಡಿಸುವ ಕಳೆಯುವ ಲೆಕ್ಕವೂ ಹೆಚ್ಚು ಬೇಕಾಗುವುದಿಲ್ಲ, ಮತ್ತು ಆ ಕೋಷ್ಟಕದಿಂದಲೇ ಅಂತರ್ಜಲದ ಪ್ರಶ್ನೆಯನ್ನು ಬಿಡಿಸಬಹುದು: ನೆರೆಯವನು ಕೊಳವೆಬಾವಿಯನ್ನು ಇನ್ನೂ ಆಳಕ್ಕೆ ಕೊರೆಸಿದಾಗ ತಾನೂ ಕೊರೆಸುವುದು ಪ್ರತಿಯೊಬ್ಬನಿಗೂ ಲಾಭವೆಂದು ಕಂಡು, ಕೊನೆಗೆ ಎಲ್ಲರ ಬಾವಿಯೂ ಬತ್ತುವುದು ಹೇಗೆಂದು. ಅದೇ ಊರಿನ ಕೆರೆಯ ನೀರನ್ನು ನೀರಗಂಟಿ ಸರದಿಯಂತೆ ಹಂಚುತ್ತಿದ್ದ ಪದ್ಧತಿ ಎಷ್ಟೋ ಕಾಲ ಬಾಳಿತು. ಸಾಮೂಹಿಕ ಸಂಪನ್ಮೂಲಕ್ಕೆ ಖಾಸಗಿ ಒಡೆತನ ಅಥವಾ ಸರ್ಕಾರಿ ಹತೋಟಿ ಇವೆರಡೇ ಗತಿಯಲ್ಲ, ಬಳಸುವವರೇ ನಿಯಮ ಕಟ್ಟಿಕೊಂಡು ಕಾಪಾಡಬಲ್ಲರೆಂದು 1990ರ ಗ್ರಂಥದಲ್ಲಿ ಸಾಧಿಸಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ನೊಬೆಲ್ ಬಂತು. ಆ ನಿಯಮಗಳಲ್ಲಿ ಜಾತಿಯ ಮೇಲುಕೀಳು ಹೇಗೆ ಸೇರಿಕೊಂಡಿತ್ತು, ಕೆರೆಯ ಕೊನೆಯ ಗದ್ದೆಯವರಿಗೆ ಏನು ದಕ್ಕುತ್ತಿತ್ತು ಎಂಬುದನ್ನೂ ಅದೇ ತರಗತಿಯಲ್ಲಿ ಕೇಳಬೇಕು, ಕೇಳಬಹುದು. ಸೀಮಾಂತ ವೆಚ್ಚದ ರೇಖೆ ಸರಾಸರಿ ವೆಚ್ಚದ ರೇಖೆಯನ್ನು ಅದರ ಅತ್ಯಂತ ಕೆಳಗಿನ ಬಿಂದುವಿನಲ್ಲೇ ಏಕೆ ಕತ್ತರಿಸುತ್ತದೆಂಬುದನ್ನು ಗೈಡ್ ನೋಡಿ ಬಾಯಿಪಾಠ ಮಾಡಬೇಕಾದ ವಿದ್ಯಾರ್ಥಿಗೆ ಇದು ಹೆಚ್ಚು ಕಷ್ಟವಾಗುವುದಿಲ್ಲ.

ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳಿಗೆ ಪಠ್ಯಕ್ರಮ ಪರಿಷ್ಕರಣೆಯ ಸಂದರ್ಭಗಳು ಮತ್ತೆ ಮತ್ತೆ ಬರುತ್ತಲೇ ಇವೆ, ಮತ್ತು ಪ್ರತಿ ಸಲವೂ ಅಧ್ಯಾಯಗಳ ಹೆಸರು, ಅಂಕಗಳ ಹಂಚಿಕೆ, ಆಂತರಿಕ ಮೌಲ್ಯಮಾಪನದ ಪ್ರಮಾಣ ಬದಲಾಗಿ ಅನುಕ್ರಮ ಮಾತ್ರ ಹಾಗೆಯೇ ಉಳಿಯುತ್ತದೆ. ಮುಂದಿನ ಪರಿಷ್ಕರಣೆಯಲ್ಲಾದರೂ ಚೌಕಾಸಿ, ಮಾಹಿತಿ, ಕೊಳ್ಳುಗನ ಬಲ, ಸಾಮೂಹಿಕ ಸಂಪನ್ಮೂಲ ಇವು ಮೊದಲ ಸೆಮಿಸ್ಟರಿನ ಮೊದಲ ಘಟಕಗಳಾಗಲಿ. ವಿದ್ಯಾರ್ಥಿಗಳು ತಮ್ಮ ತಾಲ್ಲೂಕಿನ ಮಾರುಕಟ್ಟೆ ಪ್ರಾಂಗಣಕ್ಕೆ ಹೋಗಿ, ಒಂದು ಸರಕಿನ ಒಂದು ದಿನದ ಹರಾಜಿನಲ್ಲಿ ಬೆಲೆ ಕೂಗಿದವರೆಷ್ಟು, ಮಾರಿದವರೆಷ್ಟು ಎಂದು ಬರೆದುಕೊಂಡು ಬರುವುದು ಆಂತರಿಕ ಅಂಕಗಳ ಭಾಗವಾಗಲಿ. ಪರಿಪೂರ್ಣ ಪೈಪೋಟಿಯ ಅಧ್ಯಾಯ ಕೂರ್ನೋ ಇಟ್ಟ ಜಾಗದಲ್ಲೇ, ಎಲ್ಲಕ್ಕಿಂತ ಕೊನೆಯಲ್ಲಿ ಬರಲಿ.